ಟೆಕ್ಸಸ್‌ನಲ್ಲಿ ಕೈಗೆಷ್ಟು ಬರುತ್ತೆ?

ನಾನು ಹುಟ್ಟಾ ಪುಕ್ಕಲ. ಬೇರೆಯವರಿಗೆ ಸದ್ದಿಲ್ಲದೆ ನಡೆದುಹೋಗೋ ವಿಷಯಗಳೆಲ್ಲ ನನ್ನ ಹತ್ತಿರ ಬಂದಾಗ ಮಾತ್ರ ಏನಾದರೊಂದು ಪ್ರಸಂಗ ಆಗಿಬಿಡುತ್ತವೆ. ಕಳೆದ ವರ್ಷ ಟೆಕ್ಸಸ್‌ನಿಂದ ಕೆಲಸದ ಆಫರ್ ಬಂದಾಗಲೂ ಹಾಗೇ ಆಯಿತು.

ಪೂರಾ ನಮಗೇ

ನಾನಿರೋದು ಮಿಷಿಗನ್ ರಾಜ್ಯದ ನಾರ್ತ್‌ವಿಲ್‌ನಲ್ಲಿ, ಕೆಲಸ ವಾರೆನ್‌ನಲ್ಲಿ, ಕಾರಿನ ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನಿಯಲ್ಲಿ. ಅಲ್ಲಿ ಜನರನ್ನು ತೆಗೀತಾರೆ ಅಂತ ಗಾಳಿಸುದ್ದಿ ಎದ್ದಿತ್ತು. ನಿದ್ದೆಗೆಟ್ಟು ಟೆಕ್ಸಸ್‌ಗೊಂದು ಅಪ್ಲಿಕೇಶನ್ ಹಾಕಿದ್ದೆ. ಆ ಕಂಪನಿಯ ಹೆಣ್ಣುಮಗಳು ಫೋನ್ ಮಾಡಿ, ಸಂಬಳ ಹೇಳಿ, "ನಮ್ಮಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ" ಅಂದಳು. ಗಾಬರಿಯಲ್ಲಿ ನನಗೆ ಕೇಳಿಸಿದ್ದು ಕೊನೆಯ ಮೂರು ಮಾತು ಮಾತ್ರ: ಇನ್‌ಕಮ್ ಟ್ಯಾಕ್ಸ್ ಇಲ್ಲ.

ನನ್ನ ಹೆಂಡತಿ ಹುಬ್ಬಳ್ಳಿಯವಳು. ಸುದ್ದಿ ಹೇಳಿದ್ದೇ ತಡ, "ಅಷ್ಟೂ ನಮಗss? ಯಾರೂ ಏನೂ ಮುರ್ಕೊಳ್ಳೂದಿಲ್ಲೇನ್ರೀ?" ಅಂದಳು.

"ಇಲ್ಲ" ಅಂದೆ, ಗತ್ತಿನಿಂದ.

ಮಗಳು ಲ್ಯಾಪ್‌ಟಾಪಿನಲ್ಲಿ ಟೇಕ್‌ಹೋಮ್, ಅಂದರೆ ಎಲ್ಲ ಕಡಿತ ಕಳೆದು ಕೈಗೆ ಬರೋ ಸಂಬಳದ ಲೆಕ್ಕ ಹಾಕೋ ಸೈಟ್ ತೆಗೆದು, ಟೆಕ್ಸಸ್ ಒತ್ತಿದಳು. ಸ್ಟೇಟ್ ಟ್ಯಾಕ್ಸ್ ಸೊನ್ನೆ. ಅದರ ಪಕ್ಕದಲ್ಲೇ ಕೇಂದ್ರ ಸರ್ಕಾರದ ಫೆಡರಲ್ ಟ್ಯಾಕ್ಸ್, ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್, ಎಲ್ಲ ಬಾಯಿ ತೆರೆದುಕೊಂಡು ಕೂತಿದ್ದವು.

"ಡ್ಯಾಡ್, ಓನ್ಲಿ ದಿ ಸ್ಟೇಟ್ ಪಾರ್ಟ್ ಈಸ್ ಝೀರೋ" ಅಂದಳು ಮಗಳು.

ಹೆಂಡತಿ ನಿಟ್ಟುಸಿರು ಬಿಟ್ಟಳು. "ಹಂಗಂದ್ರ, ಊರು ಬಿಟ್ರೂ ದೇಶ ನಮ್ಮನ್ನ ಬಿಡೂದಿಲ್ಲ."

ಅಂಕಲ್ ವಾಪಸ್ ಬಂದದ್ದು

ನಮ್ಮ ಬಡಾವಣೆಯಲ್ಲಿ ಟೆಕ್ಸಸ್‌ನ ಡ್ಯಾಲಸ್ ಹತ್ತಿರ ಇದ್ದು ಬಂದ ಅಂಕಲ್ ಒಬ್ಬರಿದ್ದಾರೆ. ಧೈರ್ಯ ಹೇಳಿಸಿಕೊಳ್ಳೋಣ ಅಂತ ಹೋದೆ.

"ಸ್ಟೇಟ್ ಟ್ಯಾಕ್ಸ್ ಇಲ್ಲ, ನಿಜ. ಆದ್ರೆ ಮನೆ ತೆರಿಗೆ ಬಿಲ್ ಬರುತ್ತಲ್ಲ, ಆ ಕವರನ್ನ ಕೂತ್ಕೊಂಡೇ ಒಡೀಬೇಕು" ಅಂದರು. "ಆಲಿಕಲ್ಲು ಬಿದ್ರೆ ಛಾವಣಿ ಹೋಗುತ್ತೆ. ಛಾವಣಿ ಹೋಯ್ತು ಅಂದ್ರೆ ಇನ್ಶೂರೆನ್ಸ್ ಏರುತ್ತೆ. ಬೇಸಿಗೇಲಿ ಎ.ಸಿ. ಆಫ್ ಮಾಡೋ ಹಾಗೇ ಇಲ್ಲ."

ಒಂದೊಂದು ಮಾತಿಗೂ ನನ್ನ ಟೇಕ್‌ಹೋಮ್ ಕರಗುತ್ತಾ ಬಂತು. "ಅದಕ್ಕೇನಾ ಅಂಕಲ್ ನೀವು ವಾಪಸ್ ಬಂದಿದ್ದು?"

"ಛೇ, ಅದಕ್ಕೆಲ್ಲ ಯಾರಾದ್ರೂ ಬರ್ತಾರೇನಪ್ಪಾ?" ಅಂದರು. "ಗರಾಜಲ್ಲಿ ಹಾವು ಬಂತು."

ಯಾರು ನೋಡ್ತಾರ?

ಇಟಾಸ್ಕಾ ಅನ್ನೋ ಊರಿನಲ್ಲಿರೋ ನನ್ನ ಹೆಂಡತಿಯ ಅಣ್ಣ ಬಹಳ ಧೈರ್ಯಸ್ಥ. ಫೋನಿನಲ್ಲಿ, "ನೀವು ಹೋಗೂದss ಬ್ಯಾಡ್ರಿ. ಮನ್ಯಾಗ ಕುಂತು ಕೆಲಸ ಮಾಡ್ರಿ, ಟೆಕ್ಸಸ್ಸಿಂದು ವಿಳಾಸ ಕೊಡ್ರಿ. ಯಾರು ನೋಡ್ತಾರ?" ಅಂದ. ಎಲ್ಲಿ ಕೂತು ದುಡಿಯುತ್ತೇವೋ ಅಲ್ಲಿಯ ಟ್ಯಾಕ್ಸ್ ಕಟ್ಟಬೇಕು ಅಂತ ನನಗೆ ಗೊತ್ತಿತ್ತು. ನಾನು ಹೂಂ ಅನ್ನಲಿಲ್ಲ, ಬರೀ ಕೇಳಿಸಿಕೊಂಡೆ. ಆದರೂ ಸರ್ಕಾರಕ್ಕೆ ಕೇಳಿಸಿರಬಹುದು ಅನ್ನೋ ಅನುಮಾನ ಬಿಡಲಿಲ್ಲ.

ಮಾರನೇ ದಿನ ಬೆಲ್ ಆಯಿತು. ಬಾಗಿಲು ತೆಗೆದರೆ ಒಬ್ಬ ಎತ್ತರದ ಮನುಷ್ಯ, ಕೈಯಲ್ಲಿ ಟ್ಯಾಬ್ಲೆಟ್, ಮನೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದಾನೆ.

"ಈ ಮನೇಲಿ ನೀವೇ ಇರೋದಾ ಸರ್?"

"ನಾನೇ! ವರ್ಷಪೂರ್ತಿ ಇಲ್ಲೇ ಇರ್ತೀನಿ! ಮಿಷಿಗನ್ ಬಿಟ್ಟು ಎಲ್ಲಿಗೂ ಹೋಗಲ್ಲ!"

ಅವನ ಮುಖ ಅರಳಿತು. "ತುಂಬಾ ಒಳ್ಳೇದಾಯ್ತು ಸರ್. ಹಾಗಾದ್ರೆ ನಿಮ್ಮ ಛಾವಣಿ ಅಂಚಿನ ಗಟರ್ ಕ್ಲೀನಿಂಗ್‌ಗೆ ಐದು ವರ್ಷದ ಕಾಂಟ್ರ್ಯಾಕ್ಟೇ ತಗೊಂಡುಬಿಡಿ."

ಹೆದರಿಕೆಯಲ್ಲಿ ಸಹಿ ಹಾಕಿದೆ.

ಟಿಶ್ಯೂ ಡಬ್ಬ

ಟೆಕ್ಸಸ್‌ಗೆ ಉತ್ತರ ಕೊಡಬೇಕಾದ ಶುಕ್ರವಾರ ಬೆಳಿಗ್ಗೆಯೇ ನಮ್ಮ ಮ್ಯಾನೇಜರ್ ಒಳಗೆ ಕರೆದ. ಇಲ್ಲೇ ಹುಟ್ಟಿ ಬೆಳೆದ ಅಮೆರಿಕನ್, ಆರಡಿ ಆಳು. ಮೇಜಿನ ಮೇಲೆ ಟಿಶ್ಯೂ ಡಬ್ಬ. ನಮ್ಮ ಆಫೀಸಿನಲ್ಲಿ ಆ ಡಬ್ಬ ಹೊರಗೆ ಬಂತು ಅಂದರೆ ಕೆಲಸ ಹೋಯ್ತು ಅಂತಲೇ ಅರ್ಥ. ಅವನು ಬಾಯಿ ತೆರೆಯೋ ಮೊದಲೇ ನನಗೆ ಅಳು ಬಂತು. "ಮಗಳು ಹೈಸ್ಕೂಲಲ್ಲಿದಾಳೆ, ಮನೆ ಸಾಲ ಇದೆ" ಅಂತ ಟಿಶ್ಯೂ ಮೇಲೆ ಟಿಶ್ಯೂ ಎಳೆದೆ.

ಅವನು ಕೊನೆವರೆಗೂ ತಾಳ್ಮೆಯಿಂದ ಕೇಳಿ, ಮೆಲ್ಲಗೆ ಅಂದ: "ಕೆಲಸ ಹೋಗಿರೋದು ನಂದು. ಸೋಮವಾರದಿಂದ ಟೀಮ್ ನೀನು ನೋಡ್ಕೋಬೇಕು. ನನಗೂ ಒಂದು ಟಿಶ್ಯೂ ಉಳಿಸ್ತೀಯಾ?"

ಡಬ್ಬ ಖಾಲಿಯಾಗಿತ್ತು. ಕರ್ಚೀಫು ಕೊಟ್ಟೆ.

ಅವತ್ತೇ ಟೆಕ್ಸಸ್‌ಗೆ ಫೋನ್ ಮಾಡಿ, ನಾನು ಬರಲ್ಲ, ನನಗಿಂತ ಒಳ್ಳೆಯವನೊಬ್ಬ ಇದ್ದಾನೆ ಅಂತ ಅವನ ಹೆಸರು ಹೇಳಿದೆ. ಅವನನ್ನೇ ತಗೊಂಡರು. ಹೆಂಡತಿ ಮಕ್ಕಳ ಜೊತೆ ಹೊರಟುಹೋದ.

ಮೊದಲ ಸಂಬಳದ ದಿನ ಅವನ ಫೋನ್ ಬಂತು. ದನಿ ತೀರಾ ಸಣ್ಣದಾಗಿತ್ತು.

"ಒಂದು ವಿಷಯ ಕೇಳ್ಬೇಕಿತ್ತು. ಹುಟ್ಟಿದಾಗಿಂದ ಮಿಷಿಗನ್ ಬಿಟ್ಟವನಲ್ಲ ನಾನು. ಇಲ್ಲಿ ಪೇ ಸ್ಲಿಪ್‌ನಲ್ಲಿ ಸ್ಟೇಟ್ ಟ್ಯಾಕ್ಸಿನ ಸಾಲೇ ಇಲ್ಲ."

"ಗೊತ್ತಲ್ಲ, ಅಲ್ಲಿ ಇರೋದೇ ಇಲ್ಲ" ಅಂದೆ.

"ಗೊತ್ತು, ಗೊತ್ತು" ಅಂದ. ಆಮೇಲೆ ಪಿಸುಗುಟ್ಟಿದ: "ಆದ್ರೂ ಭಯ ಆಗ್ತಿದೆ. ಯಾರಿಗೂ ಗೊತ್ತಾಗದ ಹಾಗೆ ಸ್ವಲ್ಪ ಕಟ್ಟಿಬಿಡ್ಲಾ?"