ಅಳಿಯನನ್ನು ಕೆಡವುವ ಆಟ

ಹೆಣ್ಣು ಕೊಟ್ಟವನು ಏನೇನು ಮಾಡಬಾರದು ಎಂಬುದಕ್ಕೆ ನಮ್ಮ ಆಳಂದದ ಕಡೆ ಬಲು ಉದ್ದನೆಯ ಶಾಸ್ತ್ರವಿದೆ. ಅಳಿಯ ನಿಂತಿರುವಾಗ ಕೂರಬಾರದು, ಅಳಿಯ ಉಣ್ಣುತ್ತಿರುವಾಗ ಏಳಬಾರದು, ಅಳಿಯ ರಾಜಕೀಯದ ಬಗ್ಗೆ ಏನೇ ಹೇಳಿದರೂ ‘ಅದೂ ಖರೇನ ಅದ’ ಎನ್ನದೆ ಇರಬಾರದು. ರಾಜ್ಯಶಾಸ್ತ್ರದ ಅಧ್ಯಾಪಕನಾದ ನನಗೆ ಈ ಮೂರನೆಯದು ಎಷ್ಟು ಕಷ್ಟವೆಂದು ನೀವೇ ಊಹಿಸಿ. ಆದರೂ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ. ಆದರೆ ಅದೇ ಅಳಿಯ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹೋರಿಯ ಹಾಗೆ ನುಗ್ಗಿ ಬರುವಾಗ ಮಾವನಾದವನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಟ್ಟು ಹೋಗಿಲ್ಲ. ಹೇಳಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ಆಟಕ್ಕೂ ನನಗೂ ಇದ್ದ ಸಂಬಂಧವೆಂದರೆ ಕಾಲೇಜಿನ ಕ್ರೀಡಾಕೂಟದ ಕೊನೆಗೆ ವಂದನಾರ್ಪಣೆ ಮಾಡುವುದಷ್ಟೇ. ಅಂಥವನನ್ನು ಆಳಂದ ರಗ್ಬಿ ತಂಡದ ಮ್ಯಾನೇಜರ್ ಮಾಡಿದರು. ತಂಡ ನೋಡಿಕೊಳ್ಳಬೇಕಿದ್ದ ನಮ್ಮ ಕಾಲೇಜಿನ ಆಟದ ಮೇಷ್ಟ್ರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಯಾರೆಂದು ತೀರ್ಮಾನಿಸಿದ ಸಭೆಯ ದಿನ ನಾನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಬಾರದವರ ತಲೆಗೇ ಕೆಲಸ ಕಟ್ಟುವುದು ನಮ್ಮ ಕಾಲೇಜಿನ ಸಂಪ್ರದಾಯ. ಮರುದಿನ ಊದಿದ ಕೆನ್ನೆಯಲ್ಲಿ ನಾನು ಹೇಳಿದ ‘ಒಲ್ಲೆ’ ಯಾರಿಗೂ ಅರ್ಥವಾಗಲಿಲ್ಲವಂತೆ.

ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಓದಲು ಬಂದ ಹೊರಗಿನ ಹುಡುಗರು ಆಡುತ್ತಿದ್ದ ಆಟ ಇದು. ಅದನ್ನು ನೋಡಿದ ಉತ್ಸಾಹಿಗಳು ಒಂದು ಸಮಿತಿ ಮಾಡಿಕೊಂಡು, ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕುಗಳಿಗೆ ರಗ್ಬಿ ಲೀಗ್ ಶುರು ಮಾಡಿಯೇಬಿಟ್ಟರು. ಒಂದೊಂದು ಕಡೆ ಹದಿಮೂರು ಮಂದಿ. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಕೈಯಿಂದ ಕೊಡುವುದಾದರೆ ಮಾತ್ರ ಹಿಂದಿನವನಿಗೆ ಕೊಡಬೇಕು. ನಮ್ಮ ಕಾಲೇಜಿನ ಆಡಳಿತ ನೋಡಿದವನಾದ್ದರಿಂದ ಈ ನಿಯಮ ನನಗೆ ಕೂಡಲೇ ತಿಳಿಯಿತು. ಎದುರಿನವರು ಓಡುವವನ ಕಾಲು ಹಿಡಿದು ಕೆಡವಬೇಕು. ಬಿದ್ದವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ತನ್ನವರಿಗೆ ಕೊಟ್ಟರೆ ಆಟ ಮತ್ತೆ ಮುಂದುವರಿಯುತ್ತದೆ. ಇಷ್ಟು ತಿಳಿದರೆ ಸಾಕು, ನನಗೂ ಇಷ್ಟೇ ತಿಳಿದದ್ದು. ಸಮಿತಿಯವರು ಇನ್ನೊಂದು ಮಾತು ಸೇರಿಸಿದ್ದರು: ಒಂದೂ ಪಂದ್ಯ ಗೆಲ್ಲದ ತಾಲೂಕಿಗೆ ಮುಂದಿನ ವರ್ಷ ಜಾಗವಿಲ್ಲ, ಬೇರೆಯವರು ಕಾದು ನಿಂತಿದ್ದಾರೆ.

ನಮ್ಮ ತಂಡದ ಜೀವವೆಂದರೆ ಸರಸಂಬಾದ ಶರಣಪ್ಪ. ಟ್ರ್ಯಾಕ್ಟರ್ ಓಡಿಸುವವನು. ಎರೆನೆಲದ ನಮ್ಮ ಮೈದಾನ ಬಿರುಕು ಬಿಟ್ಟು ಕಾಲು ಸಿಕ್ಕಿಕೊಳ್ಳುವಂತಿತ್ತು. ಅವನೇ ಟ್ರ್ಯಾಕ್ಟರ್ ತಂದು, ಮಣ್ಣು ಹೊಡೆದು, ನೀರು ಹಾಕಿ ಸಮ ಮಾಡಿದ. ಯಾಕಪ್ಪ ಇಷ್ಟು ಒದ್ದಾಡುತ್ತೀ ಎಂದು ಕೇಳಿದ್ದಕ್ಕೆ, “ಊರಾಗ ಎಲ್ಲಾರೂ ಟ್ರ್ಯಾಕ್ಟರ್ ಶರಣ್ಯಾ ಅಂತಾರ್ರಿ ಸರ್. ಒಂದ ಸರ್ತಿ ಆಟಗಾರ ಶರಣಪ್ಪ ಅನಿಸ್ಕೋಬೇಕಂತ ಆಸೆ ಅದ” ಎಂದ. ನಾನು ಅವನ ಬೆನ್ನು ತಟ್ಟಿದೆ. ನನ್ನ ಕೈಯೇ ನೊಂದಿತು.

ಜೇವರ್ಗಿಯವರ ಕೈಯಲ್ಲಿ ಎರಡು ಸಲ ಸೋತೆವು. ಮೊದಲ ಸೋಲಿಗೆ ಕಾರಣ ಅನನುಭವ. ಎರಡನೆಯದಕ್ಕೆ ಎಳ್ಳಮಾವಾಸ್ಯೆ. ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಸೊಪ್ಪು-ಕಾಳಿನ ಭಜ್ಜಿ, ಸಜ್ಜೆ ಕಡುಬು ಗಂಟಲಮಟ ಉಂಡು ಬಂದ ಹುಡುಗರು ಮರುದಿನ ಚೆಂಡಿಗಿಂತ ನೆರಳನ್ನೇ ಹೆಚ್ಚು ಹುಡುಕಿದರು. ಇದನ್ನು ನಾನು ತಡೆಯಬೇಕಿತ್ತು. ಆದರೆ ಅವರ ಜೊತೆ ಪಂಕ್ತಿಯಲ್ಲಿ ಕೂತು, ಇನ್ನೊಂದು ಕಡುಬು ಹಾಕು ಎಂದವನೂ ನಾನೇ.

ಅಫಜಲಪುರದ ಪಂದ್ಯದ ಕಥೆಯೇ ಬೇರೆ. ನನ್ನ ಮಗಳು ಸವಿತಾಳನ್ನು ಹೋದ ವರ್ಷ ಆ ತಾಲೂಕಿನ ಅತನೂರಿಗೆ ಕೊಟ್ಟಿದ್ದೇವೆ. ಅಳಿಯ ಮಲ್ಲಿನಾಥ ಬ್ಯಾಂಕಿನಲ್ಲಿದ್ದಾನೆ. ಎತ್ತರದ, ಗಟ್ಟಿಮುಟ್ಟಾದ ಆಳು. ಮದುವೆಯಲ್ಲಿ ಒಂದು ರೂಪಾಯಿ ವರದಕ್ಷಿಣೆ ಮುಟ್ಟದೆ, ಬಸವಣ್ಣನವರ ಹೆಸರಲ್ಲಿ ಸರಳವಾಗಿ ತಾಳಿ ಕಟ್ಟಿದ ಒಳ್ಳೆಯ ಹುಡುಗ. ಅವನು ಅಫಜಲಪುರ ತಂಡದಲ್ಲಿದ್ದಾನೆಂದು ನನಗೆ ಗೊತ್ತಾದದ್ದು ಮೈದಾನಕ್ಕೆ ಇಳಿದ ಮೇಲೆಯೇ. ಅವನು ನನ್ನನ್ನು ನೋಡಿ ಕೈಮುಗಿದ. ನಾನೂ ಮುಗಿದೆ. ನನ್ನ ಹಿಂದೆ ನಿಂತಿದ್ದ ಇಡೀ ಆಳಂದ ತಂಡ ಕೈಮುಗಿಯಿತು.

ಆಟ ಶುರುವಾಯಿತು. ಮಲ್ಲಿನಾಥ ಚೆಂಡು ಹಿಡಿದು ನೇರ ಶರಣಪ್ಪನ ಮೇಲೆಯೇ ಬಂದ. ಶರಣಪ್ಪ ಎರಡೂ ಕೈ ಚಾಚಿದವನು, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಉಳಿದವರೂ ಹಾಗೆಯೇ. ಮದುವೆ ಮಂಟಪಕ್ಕೆ ಬೀಗರು ಬಂದಾಗ ಜನ ಸರಿಯುವಂತೆ ಸರಿದರು. ಅಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿ ಅಂಕ ತೆಗೆದುಕೊಂಡ. ನಾನು ಶರಣಪ್ಪನನ್ನು ಕರೆದು ಬೈಯಲು ಹೋದರೆ ಅವನು, “ಸರ್, ಅವ್ರು ನಮ್ಮ ತಾಲೂಕಿನ ಅಳಿಯಾರು. ನಿಮ್ಮ ಮಗಳ ಲಗ್ನದಾಗ ನೀವು ಅವ್ರ ಕಾಲು ತೊಳ್ಯಾಕ ಕುಂತಾಗ ನೀರಿನ ತಂಬಿಗಿ ಹಿಡ್ಕೊಂಡಿದ್ದಂವ ನಾನ. ಅದ ಕಾಲು ಹಿಡ್ದು ಹ್ಯಾಂಗ ಕೆಡವ್ಲಿ? ನೀವು ಹೇಳ್ರಿ, ಕೆಡವ್ತೀನಿ” ಎಂದ. ಹದಿಮೂರು ಮಂದಿ ನನ್ನ ಬಾಯಿ ನೋಡಿದರು. ನಾನು ಆಕಾಶ ನೋಡಿದೆ. ಅಂದು ನಮ್ಮದು ಎಂಥ ಸೋಲೆಂದರೆ, ಅಂಕ ಬರೆಯುವವನಿಗೇ ನಮ್ಮ ಮೇಲೆ ಕನಿಕರ ಬಂತು.

ಇನ್ನುಳಿದದ್ದು ಒಂದೇ ಪಂದ್ಯ, ಅದೂ ಅಫಜಲಪುರದ ಮೇಲೆ, ನಮ್ಮೂರಿನಲ್ಲಿ. ಶರಣಪ್ಪ ದಿನಾ ಬೆಳಗ್ಗೆ ಮೈದಾನಕ್ಕೆ ಬಂದು ಗೊಬ್ಬರದ ಚೀಲವೊಂದನ್ನು ನೆಟ್ಟಗೆ ನಿಲ್ಲಿಸಿಕೊಂಡು ಅದನ್ನು ಹಿಡಿದು ಕೆಡವುತ್ತಿದ್ದ. ಮನೆಯಲ್ಲಿ ನಾನು ಮೆಲ್ಲಗೆ ವಿಷಯ ತೆಗೆದರೆ ಹೆಂಡತಿ ಶಾಂತಾ ಲಟ್ಟಣಿಗೆ ಕೆಳಗಿಟ್ಟಳು. “ಅಳಿಯಾರ ಮೈಮ್ಯಾಲ ಒಂದು ಗೀರು ಬಿತ್ತಂದ್ರ ನನ್ನ ಮಗಳ ಮಾರಿ ನಾ ಹ್ಯಾಂಗ ನೋಡ್ಲಿ? ನಿಮಗ ವಯಸ್ಸಾದ ಮ್ಯಾಲ ಇದೆಲ್ಲ ಯಾಕ ಬೇಕಿತ್ತು?” ಎಂದಳು. ಯಾಕೆ ಬೇಕಿತ್ತೆಂದು ನನಗೂ ಗೊತ್ತಿರಲಿಲ್ಲ. ನಿದ್ದೆ ಹೋಯಿತು, ಹಸಿವು ಹೋಯಿತು. ತರಗತಿಯಲ್ಲಿ ಸಂವಿಧಾನ ಹೇಳುತ್ತಿದ್ದವನು ಮೂಲಭೂತ ಕರ್ತವ್ಯಗಳ ಹತ್ತಿರ ಬಂದು ಪುಸ್ತಕ ಮುಚ್ಚಿಬಿಟ್ಟೆ.

ಕೊನೆಗೆ ಮಗಳಿಗೇ ಫೋನು ಮಾಡಿದೆ. ಅಳಿಯನಿಗೆ ಆ ದಿನ ಬ್ಯಾಂಕಿನಲ್ಲಿ ಏನಾದರೂ ಕೆಲಸ ಹಚ್ಚಲು ಸಾಧ್ಯವೇ ಎಂದು ಸುತ್ತಿ ಬಳಸಿ ಕೇಳಿದೆ. ಅವಳು ನನ್ನ ಸುತ್ತುಬಳಸಿಗೆ ಅವಕಾಶ ಕೊಡಲಿಲ್ಲ. “ಅಪ್ಪಾ, ನೀವು ಅವ್ರನ್ನ ಕೆಡವ್ಲಿಲ್ಲಂತನ ಅವ್ರು ಮಾರಿ ಸಣ್ಣ ಮಾಡ್ಕೊಂಡು ಕುಂತಾರ. ಲಗ್ನದಾಗ ಬ್ಯಾಡಂದ ವರದಕ್ಷಿಣಿ ಈಗ ಮೈದಾನದಾಗ ತಗೊಳ್ಳಾಕತ್ತಿ ಅಂತ ಟೀಮಿನವ್ರೆಲ್ಲ ನಗ್ತಾರಂತ. ದಯಮಾಡಿ ಒಮ್ಮೆ ಛಲೋತ್ನಾಗಿ ಕೆಡವ್ರಿ. ಅವ್ವಗ ನಾ ಹೇಳ್ತೇನಿ” ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅಂದೇ ಸಂಜೆ ಹುಡುಗರನ್ನು ಕೂಡಿಸಿ, “ಮುಲಾಜು ಬ್ಯಾಡ. ನನ್ನ ಅಳಿಯನ್ನ ಕೆಡವ್ರಿ” ಎಂದು ಭಾಷಣ ಮಾಡಿದೆ. ಶರಣಪ್ಪನ ಕಣ್ಣಲ್ಲಿ ನೀರು ಬಂತು.

ಪಂದ್ಯದ ದಿನ ಶಾಮಿಯಾನದಲ್ಲಿ ಶಾಂತಾ, ಸವಿತಾ ಇಬ್ಬರೂ ಇದ್ದರು. ನಮ್ಮ ಹುಡುಗರು ಆಡಿದ ಆಟವನ್ನು ಏನೆಂದು ಹೇಳಲಿ. ಅಳಿಯನನ್ನು ಬಿಟ್ಟು ಉಳಿದವರನ್ನೆಲ್ಲ ಕೆಡವಿದರು. ಅಳಿಯ ಬಂದಾಗ ಮಾತ್ರ ಅವನ ಅಂಗಿ ಹಿಡಿದು, ಕೈ ಹಿಡಿದು, ಹೇಗೋ ನಿಲ್ಲಿಸುತ್ತಿದ್ದರು. ನನ್ನ ಭಾಷಣ ಕೇಳಿಯೂ ಕಾಲಿಗೆ ಯಾರೂ ಕೈ ಹಚ್ಚಲಿಲ್ಲ. ಆದರೂ ಕೊನೆಯ ಹೊತ್ತಿಗೆ ನಾವು ಸ್ವಲ್ಪ ಮುಂದಿದ್ದೆವು. ಇಡೀ ಹಂಗಾಮಿನಲ್ಲಿ ಮೊದಲ ಬಾರಿ ಮುಂದಿದ್ದೆವು. ಇನ್ನೇನು ಸೀಟಿ ಊದಬೇಕು ಎನ್ನುವಾಗ ಮಲ್ಲಿನಾಥ ಚೆಂಡು ಹಿಡಿದು, ಎಲ್ಲರನ್ನೂ ಕೊಡವಿಕೊಂಡು, ಗೆರೆಯ ಕಡೆಗೆ ಓಡಿದ. ಅವನ ಮುಂದೆ ಶರಣಪ್ಪ ಒಬ್ಬನೇ. ಅವನು ಈ ಸಲ ಸರಿಯಲಿಲ್ಲ. ಕಣ್ಣು ಮುಚ್ಚಿ, ಶರಣು ಎಂದು ಗೊಣಗಿ, ಎರಡೂ ಕಾಲನ್ನು ತಬ್ಬಿ ಹಿಡಿದು ಅಳಿಯನನ್ನು ನೆಲಕ್ಕೆ ಕೆಡವಿದ. ದೊಪ್ಪೆಂದು ಬಿದ್ದ ಸದ್ದು ಶಾಮಿಯಾನದವರೆಗೆ ಕೇಳಿತು.

ಆ ಸದ್ದಿಗೆ ನಾನು ಶಾಮಿಯಾನದ ಕಡೆ ತಿರುಗಿದೆ. ಹೆಂಡತಿ ಸುಮ್ಮನಿದ್ದಳು, ಮಗಳು ನಗುತ್ತಿದ್ದಳು. “ಏ ಶರಣಪ್ಪಾ, ಅಳಿಯಾರ್ನ ಎಬ್ಬಿಸೋ, ಪೆಟ್ಟಾತೇನು ನೋಡ್ರೋ” ಎಂದು ಇಡೀ ಆಳಂದಕ್ಕೆ ಕೇಳುವಂತೆ ಕೂಗಿದವನು ಮ್ಯಾನೇಜರ್, ಅಂದರೆ ನಾನು. ಶರಣಪ್ಪ ತಟ್ಟನೆ ಎದ್ದು ಅಳಿಯನ ರಟ್ಟೆ ಹಿಡಿದು ನಿಲ್ಲಿಸಿದ. ಒಬ್ಬ ಮೊಣಕಾಲಿನ ಮಣ್ಣು ಒರೆಸಿದ, ಒಬ್ಬ ನೀರಿನ ಬಾಟಲಿ ತರಲು ಓಡಿದ, ಉಳಿದವರು ಸುತ್ತ ನೆರೆದು ತಪ್ಪಾಯಿತೆಂದರು. ಎದ್ದು ನಿಂತ ಅಳಿಯ ನಿಯಮದ ಪ್ರಕಾರ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿದ. ಅವರ ಕಡೆಯ ಸಣಕಲ ಹುಡುಗನೊಬ್ಬ ಅದನ್ನೆತ್ತಿಕೊಂಡು, ಯಾರೂ ಇಲ್ಲದ ಬಯಲಿನಲ್ಲಿ ಆರಾಮಾಗಿ ಓಡಿ ಗೆರೆ ದಾಟಿದ. ಸೀಟಿ ಊದಿದರು. ಪಂದ್ಯವೂ ಹೋಯಿತು, ಮುಂದಿನ ವರ್ಷ ಲೀಗಿನಲ್ಲಿ ನಮ್ಮ ಜಾಗವೂ ಹೋಯಿತು.

ಸಂಜೆ ಮಲ್ಲಿನಾಥ ನಮ್ಮ ಮನೆಯಲ್ಲಿ ಮೊಣಕಾಲಿಗೆ ಅರಿಸಿನ ಹಚ್ಚಿಕೊಂಡು ಹಬ್ಬದ ಮುಖ ಮಾಡಿಕೊಂಡು ಕೂತಿದ್ದ. “ಮಾವಾರ, ಇವತ್ತು ಖರೇನ ಕೆಡವಿದ್ರಿ” ಎಂದು ಮತ್ತೆ ಮತ್ತೆ ಹೇಳಿದ. ಕತ್ತಲಾಗುವ ಮೊದಲು ಶರಣಪ್ಪ ತಂಡದ ಚೆಂಡನ್ನು ಒಪ್ಪಿಸಲು ಬಂದ. ಪಡಸಾಲೆಯಲ್ಲಿ ಕೂಡ್ರಿಸಿ, ನನ್ನಿಂದ ನಿನ್ನ ಆಟ ಹಾಳಾಯಿತಪ್ಪಾ ಎಂದೆ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನೀವು ಮ್ಯಾನೇಜರ್ ಅದೀರಿ ಸರ್. ಕೆಡವು ಅಂದ್ರಿ, ಕೆಡವಿದೆ. ಎಬ್ಬಿಸು ಅಂದ್ರಿ, ಎಬ್ಬಿಸಿದೆ” ಎಂದ. ಚೆಂಡನ್ನು ನನ್ನ ತೊಡೆಯ ಮೇಲಿಟ್ಟ. ಅದು ಉರುಳದಂತೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದ. “ಗೆಲ್ರಿ ಅಂತ ಮಾತ್ರ ನೀವು ಒಮ್ಮೆನೂ ಅನ್ಲಿಲ್ಲ ನೋಡ್ರಿ.”

ಅಷ್ಟರಲ್ಲಿ ಒಳಗಿನಿಂದ ಶಾಂತಾ, ಅಳಿಯಾರು ಊಟಕ್ಕ ಕುಂತಾರ, ಬರ್ರಿ ಎಂದು ಕರೆದಳು. ಶರಣಪ್ಪನನ್ನೂ ಕರೆದೆ, ಟ್ರ್ಯಾಕ್ಟರ್ ಹೊರಗ ನಿಂತದ್ರಿ ಎಂದ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನಾನು ಎದ್ದು ಒಳಗೆ ಹೋದೆ.