ತುಂಬಿದ ತಂಬಿಗೆ, ಕಾಕಾನ ಪಿಕಪ್ಪು

ಅಳಿಯನನ್ನು ಆರಿಸಲು ನಮ್ಮ ಕಾಕಾ ತೆಗೆದುಕೊಂಡದ್ದು ಒಂದು ಕಪ್ ಚಹಾ ಆರುವಷ್ಟು ಹೊತ್ತು. ಪಿಕಪ್ ಗಾಡಿಯ ಶಾಕಬ್ಸರ್ ಆರಿಸಲು ಮಾತ್ರ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರನ್ನೂ ಜರಡಿ ಹಿಡಿದ! ಹುಡುಗನ ಬಗ್ಗೆ ಇಷ್ಟು ವಿಚಾರಣೆ ನಡೆಸಿದ್ದರೆ ಕಾಕಾನ ಮಗಳು ಇನ್ನೂ ಬ್ಯಾಡಗಿಯಲ್ಲೇ ಇರುತ್ತಿದ್ದಳು.

ಶಾಕಬ್ಸರ್ ಎಂದರೆ ಗಾಲಿಯ ಪಕ್ಕ ಕುಳಿತು, ರಸ್ತೆಯ ಗುಂಡಿಗಳ ಪೆಟ್ಟನ್ನು ನಮ್ಮ ಬೆನ್ನಿಗೆ ಮುಟ್ಟದಂತೆ ನುಂಗುವ ಕೊಳವೆ. ಕಾಕಾನ ಗಾಡಿಯಲ್ಲಿ ಅವು ನುಂಗುವುದನ್ನು ಎಂದೋ ಬಿಟ್ಟಿದ್ದವು. ಮೆಣಸಿನಕಾಯಿ ಚೀಲಗಳು ದೂರು ಕೊಡುತ್ತವೆಯೇ? ನಡೆದಿತ್ತು. ಆದರೆ ಐರಣಿಗೆ ಕೊಟ್ಟ ಆ ಒಬ್ಬಳೇ ಮಗಳು, ನನ್ನ ತಂಗಿ, ಈಗ ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮಾಡಿ, ಉಡಿ ತುಂಬಿ, ತವರಿಗೆ ಕರೆತರಬೇಕು. ಕುಲುಕಾಟ ಆಗಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬಾಡಿಗೆ ಕಾರು ಮಾಡೋಣವೆಂದರೆ, ಕಾರಿನ ಬಾಗಿಲು ಹಾಕಿದರೆ ಸಾಕು, ಅವಳಿಗೆ ಚಿಕ್ಕಂದಿನಿಂದಲೂ ವಾಂತಿ. ಫೋನಿನಲ್ಲಿ ಅವಳೇ ಹೇಳಿದಳು:

"ಅಪ್ಪಾ, ಕಾರು ಗೀರು ತರಬ್ಯಾಡ. ನಮ್ಮ ಗಾಡೀನ ತಗೊಂಡ ಬಾ. ಕಿಡಕಿ ಕಡೆ ಕುಂತ ಬರ್ತೀನಿ."

ಕಾಕಾ ತಕ್ಷಣ ನನಗೆ ಬುಲಾವು ಕಳಿಸಿದ. ನಾನೋ, ಚಿಂತೆಯನ್ನೇ ಕಸುಬು ಮಾಡಿಕೊಂಡ ಮನುಷ್ಯ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಇಳಿದು ಮನೆಗೆ ಓಡಿದವನು. ಇಂಥವನನ್ನು ಯಾರಾದರೂ ಸಲಹೆಗೆ ಕರೆಯುತ್ತಾರೆಯೇ? ಕಾಕಾನಿಗೆ ಬೇಕಾಗಿದ್ದದ್ದು ನನ್ನ ಸಲಹೆಯಲ್ಲ, ನನ್ನ ಹೊಟ್ಟೆ ಎಂಬುದು ಆಮೇಲೆ ತಿಳಿಯಿತು.

ಮೊದಲು ಹಾವೇರಿಯ ಅಂಗಡಿ.

"ಲೋಡ್ ಎಷ್ಟ ಹಾಕ್ತೀರಿ?" ಅಂಗಡಿಯವನು ಕೇಳಿದ.

"ಎರಡು ಜೀವ," ಎಂದ ಕಾಕಾ.

"ಹಂಗಲ್ರೀ ಯಜಮಾನ್ರ, ಎಷ್ಟ ಟನ್?"

"ಒಂದು ನನ್ನ ಮಗಳು. ಇನ್ನೊಂದನ್ನ ಇನ್ನಾ ತೂಕಕ್ಕ ಹಚ್ಚಿಲ್ಲ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಪಾಪ, ಗಟ್ಟಿಯವು, ಮೆತ್ತನೆಯವು ಎಂದು ನಾಲ್ಕಾರು ಥರ ತಂದಿಟ್ಟ.

"ಹಾಕ್ಕೊಂಡ ಒಂದ ವಾರ ನೋಡ್ತೀನಿ. ಸರಿ ಬರಲಿಲ್ಲಂದ್ರ ವಾಪಸ್ ತರ್ತೀನಿ," ಎಂದ ಕಾಕಾ.

"ಇವೇನ್ ಚಪ್ಪಲ್ಯೇನ್ರೀ?"

ಕಾಕಾನಿಗೆ ಆಗ ಹೊಳೆಯಿತು: ಅವನ್ನು ಈಗಾಗಲೇ ಹಾಕಿಸಿಕೊಂಡವರ ಗಾಡಿ ಹತ್ತಿದರಾಯಿತಲ್ಲ! ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಿಂತ ಪಿಕಪ್ಪುಗಳ ಬಂಪರನ್ನು ಒಂದೊಂದಾಗಿ ಒತ್ತುತ್ತ ಹೊರಟ. ಒತ್ತಿ ಬಿಟ್ಟಾಗ ಒಮ್ಮೆ ಎದ್ದು ಸುಮ್ಮನಾದರೆ ಒಳ್ಳೆಯದು, ಕುಣಿಯುತ್ತಲೇ ಇದ್ದರೆ ಕೆಟ್ಟದ್ದು. ಒಂದು ಗಾಡಿಯೊಳಗೆ ಡ್ರೈವರ್ ಮಲಗಿದ್ದ. ಭೂಕಂಪವೆಂದು ಬನಿಯನ್ನಿನಲ್ಲೇ ಹೊರಗೆ ಜಿಗಿದ! "ಗಾಬರಿ ಆಗಬ್ಯಾಡೋ, ನಿಂದು ಪಾಸಾಗೇತಿ," ಎಂದು ಕಾಕಾ ಅವನ ಬೆನ್ನು ತಟ್ಟಿದ.

ಪಾಸಾದ ಗಾಡಿಗಳಿಗೆ ಎರಡನೆಯ ಪರೀಕ್ಷೆ. ಕಂಠದವರೆಗೆ ನೀರು ತುಂಬಿದ ತಂಬಿಗೆಯನ್ನು ಕಾಕಾ ನನ್ನ ಕೈಗಿತ್ತ.

"ಹೊಟ್ಟಿ ಮ್ಯಾಲೆ ಇಟ್ಕೊಂಡ ಮುಂದ ಕುಂದ್ರು. ಎಷ್ಟ ಚೆಲ್ಲತೈತಿ ನೋಡೂಣು."

"ನಾನ ಯಾಕ, ಕಾಕಾ?"

"ನಮ್ಮ ಮನ್ಯಾಗ ಅಕಿ ಅಳತಿ ಹೊಟ್ಟಿ ಇರೂದು ನಿನಗೊಬ್ಬಗ!"

ಮೊದಲ ಗಾಡಿ ಅದ್ಭುತವಾಗಿ ಓಡಿತು, ಹನಿ ಅಲುಗಲಿಲ್ಲ. ಆದರೆ ಹಿಂದೆ ತುಂಬಿದ್ದದ್ದು ಬ್ಯಾಡಗಿ ಮೆಣಸಿನಕಾಯಿ. ಘಾಟಿಗೆ ನಾನು ಸೀನಿದ ಸೀನಿಗೆ ಅರ್ಧ ತಂಬಿಗೆ ಖಾಲಿ! "ಫೇಲ್," ಎಂದ ಕಾಕಾ. ಆ ಶಾಕಬ್ಸರ್ ಕಂಪನಿಯವರು ನನ್ನನ್ನು ಕ್ಷಮಿಸಲಿ.

ಎರಡನೆಯ ಗಾಡಿಯಲ್ಲಿ ರಾಣೆಬೆನ್ನೂರು ತಲುಪುವಷ್ಟರಲ್ಲಿ ನನ್ನ ಪ್ಯಾಂಟಿನ ಮುಂಭಾಗ ತೊಯ್ದು ತೊಪ್ಪೆ. ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ಹತ್ತಿರ ಬಂದು, "ಸಂಕೋಚ ಮಾಡಬ್ಯಾಡ್ರಿ, ಒಮ್ಮೆ ಶುಗರ್ ಚೆಕ್ ಮಾಡಸ್ರಿ," ಎಂದು ಪಿಸುಗುಟ್ಟಿದರು. ಮರುದಿನವೇ ಮಾಡಿಸಿದೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆಯಲ್ಲ!

ಅಂತೂ ಕುಪ್ಪೇಲೂರಿನವನೊಬ್ಬನ ಗಾಡಿಯಲ್ಲಿ ಒಂದು ಗುಟುಕಿನಷ್ಟೇ ಚೆಲ್ಲಿತು. ಕಾಕಾ ಆ ಥರದ ಶಾಕಬ್ಸರುಗಳನ್ನೇ ನಾಲ್ಕೂ ಗಾಲಿಗೆ ಹಾಕಿಸಿದ. ಇನ್ನು ಮೇಲೆ ಭಾರ ಹೇರಿದರೆ ಇವು ತಾಳುವುದಿಲ್ಲ ಎಂದು ಗ್ಯಾರೇಜಿನ ಮೇಸ್ತ್ರಿ ಬೇಡಿಕೊಂಡ. "ಮೆಣಸಿನಕಾಯಿ ಬ್ಯಾರೆ ಗಾಡ್ಯಾಗ ಹೋಗ್ತಾವ," ಎಂದುಬಿಟ್ಟ ಕಾಕಾ.

ಕುಬಸ ಮುಗಿಯಿತು. ಐರಣಿಯಿಂದ ಹೊರಟಾಗ ತಂಗಿ ಮುಂದೆ, ಕಿಟಕಿಯ ಪಕ್ಕ. ಹಿಂದೆ ಬುಟ್ಟಿಗಳ ನಡುವೆ ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಮತ್ತು ನಾನು. ನನ್ನ ಕೈಯಲ್ಲಿ ಅದೇ ತಂಬಿಗೆ! ಅದು ಕಾಕಾನ ಹುಕುಂ. ಆದರೆ ಖಾಲಿ ಪಿಕಪ್ಪಿನ ಹಿಂಭಾಗ ಯಾವ ಶಾಕಬ್ಸರಿನ ಮಾತನ್ನು ಕೇಳುತ್ತದೆ? ರಸ್ತೆಯ ಮೊದಲನೆಯ ಉಬ್ಬಿಗೇ ನಾನು, ಚಿಗವ್ವ, ಹೋಳಿಗೆ ಬುಟ್ಟಿ ಮೂವರೂ ಗಾಳಿಯಲ್ಲಿ!

ಕ್ಯಾಬಿನ್ನಿನ ಹಿಂದಿನ ಗಾಜು ಎಂದೋ ಒಡೆದುಹೋಗಿದ್ದರಿಂದ ಮುಂದಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಪ್ರತಿ ಉಬ್ಬು ಬಂದಾಗಲೂ ಕಾಕಾನ ಎಡಗೈ ಗೇರು ಬಿಟ್ಟು ಮಗಳ ಮುಂದೆ ಅಡ್ಡ ಬರುತ್ತಿತ್ತು. ಅವಳು ಚಿಕ್ಕವಳಿದ್ದಾಗ ಅದೇ ಸೀಟಿನಲ್ಲಿ ನಿಂತು ಬರುವಾಗಲೂ ಹಾಗೆಯೇ ಬರುತ್ತಿತ್ತು.

"ಕೈ ತಗಿಯಪ್ಪಾ, ಗಾಡಿ ಕುಲುಕವಲ್ದು."

"ಗೊತ್ತೈತಿ. ಕೈ ಕೇಳವಲ್ದವಾ."

ಕಾಕಾ ಹಿಂದೆ ತಿರುಗದೆಯೇ ಕೂಗಿದ: "ತಮ್ಮಾ, ನೀರು ಹ್ಯಾಂಗೈತೋ?"

ತಂಬಿಗೆಯ ತಳ ಕಾಣುತ್ತಿತ್ತು. ನನ್ನ ಪ್ಯಾಂಟು ಮೊಳಕಾಲಿನವರೆಗೆ ತೊಯ್ದಿತ್ತು.

"ಒಂದ ಹನಿನೂ ಚೆಲ್ಲಿಲ್ಲ, ಕಾಕಾ!"

ಚಿಗವ್ವ ನನ್ನನ್ನೊಮ್ಮೆ ನೋಡಿದಳು. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು, ಊರು ಬರುವ ಮೊದಲೇ ತಂಬಿಗೆಯನ್ನು ಕಂಠದವರೆಗೆ ತುಂಬಿದಳು.