ಬೀಟೆ ಹಲಗೆಯನ್ನು ಉತ್ತ ನಾಲ್ವರು ತಂತಿಯವರಿಗೆ

ಮಾನ್ಯರೇ,

ನ್ಯಾಮತಿಯ ಬಟ್ಟೆ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ಸೀರೆ ಬಿಚ್ಚಿ ತೋರಿಸುತ್ತಿರುವ ಕೆಂಚೇಶನ ನಮಸ್ಕಾರಗಳು. ಉಕ್ಕಿನ ಎಳೆಯ ಮೇಲೆ ಉಕ್ಕಿನ ಸುರುಳಿ ಸುತ್ತಿಕೊಂಡ ಗರಗರ ಮೈಯ ತಾವು ನಾಲ್ವರೂ ಈಗ ನನ್ನ ಮೇಜಿನ ಮೇಲೆ ವಿಶ್ರಾಂತಿಯಲ್ಲಿದ್ದೀರಿ. ತಮ್ಮ ಸೇವಾವಧಿಯ ಸಾಧನೆಗಳನ್ನು ನಾಲ್ಕು ಜನ ತಿಳಿಯಲೆಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ಏರಿ ಕುಳಿತಿದ್ದ ಬೇಸ್ ಗಿಟಾರು ನನ್ನ ಹೆಂಡತಿ ಸಂಘಮಿತ್ರಾಳದು. ಅವಳು ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ನಮ್ಮ ಹಾಡಿನ ತಂಡದಲ್ಲಿ ಹನ್ನೊಂದು ವರ್ಷ ಅದನ್ನು ನುಡಿಸಿದಳು. ಬೇರೆ ಗಿಟಾರುಗಳಂತೆ ಅದರ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿಲ್ಲ. ಇರುವುದು ಬರೀ ಬೀಟೆ ಮರದ ಹಲಗೆ, ಸ್ವರದ ಜಾಗ ಬೆರಳಿಗೇ ಗೊತ್ತಿರಬೇಕು. ಜಗಳೂರಿನ ಕಾರ್ಯಕ್ರಮವೊಂದರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು "ಅಯ್ಯೋ, ಪಟ್ಟಿ ಎಲ್ಲ ಉದುರೋಗ್ಯಾವಲ್ಲವ್ವಾ, ರಿಪೇರಿ ಮಾಡಿಸ್ಬಾರ್ದಾ?" ಎಂದು ಮರುಗಿದ್ದರು. "ಇಲ್ಲಜ್ಜಿ, ಇದು ಇರಾದೇ ಹಿಂಗೆ" ಎಂದು ಅವಳು ನಕ್ಕಿದ್ದಳು. ಹಾಗೆ ಒತ್ತಿ ಒತ್ತಿ ಎರಡನೆಯ ತಂತಿಯ ಕೆಳಗೆ ಒಂದು ಕಡೆ ತಗ್ಗು ಬಿದ್ದಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಉಗುರು ಸವರಿದರೆ ತಿಳಿಯುತ್ತಿತ್ತು. ಅವಳ ಬೆರಳಿನ ಗುರುತೆಂದು ನನಗೆ ಉಳಿದಿದ್ದು ಅದೊಂದೇ.

ತಮ್ಮನ್ನು ಬರಮಾಡಿಕೊಂಡ ಕೀರ್ತಿ ನನ್ನದೇ. ತಂಡದಲ್ಲಿ ಹಾಡುತ್ತಿದ್ದ ಬಸವಾಪಟ್ಟಣದ ಚೈತ್ರಾ ಈ ವಾದ್ಯ ಕಲಿಯುತ್ತೇನೆಂದಾಗ, ತಂತಿಯನ್ನಾದರೂ ಹೊಸದು ಹಾಕಿಕೊಡೋಣವೆಂದು ಹಳೆಯವನ್ನು ಮುಟ್ಟಿ ನೋಡಿದೆ. ಹಲಗೆ ಸವೆಯದಿರಲೆಂದೇ ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿಗಳು ಅವು. ಅಂಗಡಿಯ ಅಭ್ಯಾಸದಂತೆ ಎರಡು ಬೆರಳ ನಡುವೆ ಉಜ್ಜಿ, ನೇಯ್ಗೆಯೇ ಕೈಗೆ ಸಿಗುತ್ತಿಲ್ಲ, ಪೂರ್ತಿ ಸವೆದಿವೆ ಎಂದು ತೀರ್ಪು ಕೊಟ್ಟು ಗುಜರಿಗೆ ಹಾಕಿದೆ. ದಾವಣಗೆರೆಯ ಅಂಗಡಿಯಾತ ಅಂಥವನ್ನೇ ಹೊಸದಾಗಿ ತೆಗೆದು ತೋರಿಸಿದಾಗಲೂ "ಹಳೇ ಮಾಲು ಬ್ಯಾಡ್ರೀ, ಗಟ್ಟಿ ನೇಯ್ಗೆ ಇರಾವು ಕೊಡ್ರಿ" ಎಂದು ದಬಾಯಿಸಿ ತಮ್ಮನ್ನು ಆರಿಸಿ ತಂದೆ.

ತಮ್ಮ ದನಿಯ ಬಗ್ಗೆ ಎರಡು ಮಾತಿಲ್ಲ. ಹೊಸ ಹಿತ್ತಾಳೆ ಬಿಂದಿಗೆಯಂತೆ ಕೊನೆಯ ಸಾಲಿನವರೆಗೂ ಮೊಳಗುತ್ತಿತ್ತು. ಅದರ ಜೊತೆಗೇ, ಚೈತ್ರಾ ಬೆರಳು ಜಾರಿಸಿದಾಗಲೆಲ್ಲ ತಾವು ಅರದಂತೆ ಹಲಗೆಯನ್ನು ಉಜ್ಜಿ, ಸಂಘಮಿತ್ರಾಳಿಗೆ ಹನ್ನೊಂದು ವರ್ಷದಲ್ಲಿ ಆಗದ ಕೆಲಸವನ್ನು ಏಳು ತಿಂಗಳಲ್ಲಿ ಮುಗಿಸಿದಿರಿ. ನಮ್ಮ ತಾಲೂಕಿನಲ್ಲಿ ಮೆಕ್ಕೆಜೋಳ ಬಿತ್ತುವ ಯಾವ ಟ್ರ್ಯಾಕ್ಟರಿಗೂ ಅಷ್ಟು ನೇರ ಸಾಲು ಬಾರದು. ಗೊಬ್ಬರ ಹಾಕುವುದೊಂದು ಬಾಕಿ ಇತ್ತು.

"ಕೆಂಚಣ್ಣ, ಇಲ್ಲಿ ಒತ್ತಿದ್ರೆ ಕರಕರ ಅಂತೈತೆ, ಸ್ವರ ನಿಲ್ತಿಲ್ಲ" ಎಂದಳು ಚೈತ್ರಾ. ಹೊನ್ನಾಳಿಯಲ್ಲಿ ವಾದ್ಯ ರಿಪೇರಿ ಮಾಡುವ ಮಹೇಶ್ವರಪ್ಪನವರು ನೋಡಿ, "ಒಂದು ಪದರ ಹೆರೆದು ಸಮ ಮಾಡ್ಬೇಕ್ರಿ, ಆಮೇಲೆ ನುಣುಪು ತಂತಿ ಹಾಕಾನ" ಎಂದರು. ಹೆರೆದರೆ ತಮ್ಮ ಸಾಲುಗಳ ಜೊತೆ ಅವಳ ತಗ್ಗೂ ಹೋಗುತ್ತದೆ. ನಾನು ಗಿಟಾರನ್ನು ಮನೆಗೆ ತಂದು ಬೀರುವಿನಲ್ಲಿಟ್ಟು ಐದು ವಾರ ನೆಪ ಹೇಳಿದೆ. ಆ ಐದು ವಾರವೂ ಮನಸ್ಸಿನಲ್ಲೇ ತಮಗೆ ಅರ್ಜಿ ಹಾಕುತ್ತಿದ್ದೆ: ಮರವನ್ನು ಮುಟ್ಟದೆ ನುಡಿಯುವುದನ್ನು ದಯಮಾಡಿ ಕಲಿಯಿರಿ, ಅದು ತಮ್ಮ ಘನತೆಗೆ ಕುಂದೆನಿಸಿದರೆ, ಆ ಒಂದು ಬೆರಳಗಲ ಜಾಗ ಬಂದಾಗಲಾದರೂ ಚಪ್ಪಲಿ ಬಿಟ್ಟು ನಡೆಯಿರಿ.

ಅರ್ಜಿ ಇನ್ನೂ ತಮ್ಮ ಪರಿಶೀಲನೆಯಲ್ಲಿತ್ತು. ಚೈತ್ರಾ ಮನೆಗೆ ಬಂದು, ಬೊಬ್ಬೆ ಎದ್ದು ಗಟ್ಟಿಯಾದ ಬೆರಳುಗಳಲ್ಲಿ ಟೀ ಲೋಟ ಹಿಡಿದು, "ಅಕ್ಕನ ಗುರುತು ಇಟ್ಕೊಳ್ರಣ್ಣ. ನಾನು ಹಾಡಾಕೇ ವಾಪಸ್ ಹೋಗ್ತೀನಿ" ಎಂದಳು. ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಇನ್ನೂ ಒಂದು ತಿಂಗಳು ನೆಪ ಹೇಳುತ್ತಿದ್ದೆನೇನೋ.

ಸೋಮವಾರ ಇಬ್ಬರೂ ಬಸ್ಸಿನಲ್ಲಿ ಹೊನ್ನಾಳಿಗೆ ಹೋದೆವು. ಮಹೇಶ್ವರಪ್ಪನವರು ತಮ್ಮನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರು ಹೆರೆಯುವಾಗ ಗಿಟಾರಿನ ಕತ್ತನ್ನು ನಾನೇ ಹಿಡಿದುಕೊಂಡೆ. ತಮ್ಮ ಸಾಲುಗಳು ಹೋಗಲು ಬಹಳ ಹೊತ್ತು ಬೇಕಾಯಿತು. ಅವಳ ತಗ್ಗು ಮೊದಲ ಎರಡು ಎಳೆತಕ್ಕೇ ಹೋಗಿತ್ತು. ನುಣುಪು ತಂತಿ ಬಿಗಿದ ಮೇಲೆ ಚೈತ್ರಾ ಅದೇ ಜಾಗದಲ್ಲಿ ಒತ್ತಿದಳು. ಸ್ವರ ನಿಂತಿತು. ಅದು ಸಂಘಮಿತ್ರಾಳ ಸ್ವರದ ಹಾಗಿರಲಿಲ್ಲ, ಸ್ವಲ್ಪ ಅವಸರದ್ದು. ಇನ್ನೊಂದು ಸಲ ನುಡಿಸಮ್ಮ ಎಂದೆ.

ತಮ್ಮ ನೇಯ್ಗೆಯನ್ನು ನಂಬಿ ಕೆಟ್ಟ ವಿಶ್ವಾಸಿ,
ಕೆಂಚೇಶ್, ನ್ಯಾಮತಿ

ವಿ.ಸೂ.: ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಮ್ಮ ಸುರುಳಿಗಳ ಸಂದಿಯನ್ನು ತಿಕ್ಕಿದಾಗ ಬಿಳಿ ಕಾಗದದ ಮೇಲೆ ಚಿಟಿಕೆಯಷ್ಟು ಬೀಟೆಯ ಕಂದು ಪುಡಿ ಬಿತ್ತು. ಮಡಿಚಿ ಇಟ್ಟುಕೊಂಡಿದ್ದೇನೆ. ತಾವು ಇನ್ನೂ ಸ್ವಲ್ಪ ಬಚ್ಚಿಟ್ಟುಕೊಂಡಿದ್ದೀರೆಂಬ ಬಲವಾದ ಅನುಮಾನವಿರುವುದರಿಂದ ತಮ್ಮನ್ನು ಎಸೆಯುತ್ತಿಲ್ಲ. ಅಷ್ಟು ಸುಲಭದ ಬಿಡುಗಡೆಯನ್ನು ತಾವು ನಿರೀಕ್ಷಿಸಬಾರದಾಗಿ ವಿನಂತಿ.